ಗಿರಣಿಗೆ ಹೊರಟಿದ್ದ ಐವತ್ತೇಳು ಮಂದಿ

ಮನೆಯಿಂದ ಹೊರಗೆ ಕಾಲಿಟ್ಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದೆಂಬ ನಿಯಮ ನಿಮ್ಮ ಕಡೆಯೂ ಇರಬಹುದು. ಕೇಳಿದರೆ ಹೊರಟ ಕೆಲಸ ಕೆಡುತ್ತದೆಂದು ನಿಮ್ಮ ಅಜ್ಜಿಯೂ ಗದರಿರಬಹುದು. ನಮ್ಮ ಊರಿನಲ್ಲಿ ಅದು ಅಜ್ಜಿಯರ ಬಾಯಲ್ಲಿ ಉಳಿದುಹೋದ ಮಾತಲ್ಲ. ಹೊರಟವರನ್ನು ನಾವು ‘ದೂರಾನಾ?’ ಎಂದಷ್ಟೇ ಕೇಳುತ್ತೇವೆ. ಅವರು ‘ಇಲ್ಲೇ’ ಎನ್ನುತ್ತಾರೆ. ಮೂರು ದಿನದ ರೈಲು ಪ್ರಯಾಣಕ್ಕೆ ಹೋಲ್ಡಾಲ್ ಕಟ್ಟಿಕೊಂಡು ಹೊರಟವರೂ ಇಲ್ಲೇ ಎನ್ನುತ್ತಾರೆ. ಬಸ್ಸಿನ ಕಂಡಕ್ಟರು ಊರಿನ ಹೆಸರು ಕೇಳುವುದಿಲ್ಲ, ಎಷ್ಟನೆಯ ಸ್ಟಾಪು ಎಂದು ಕೇಳಿ ಟಿಕೆಟ್ಟು ಹರಿಯುತ್ತಾನೆ. ಇದಕ್ಕೆಲ್ಲ ಕಾರಣ ಜಿಂಕೆಗಳು.

ಊರಿನ ಸುತ್ತಲ ಕುರುಚಲು ಕಾಡಿನಿಂದ ಅವು ರಸ್ತೆಗೆ ಬರುತ್ತವೆ, ಅವಸರದ ವಾಹನಕ್ಕೆ ಡಿಕ್ಕಿಯಾಗುತ್ತವೆ. ಜಿಂಕೆಗೆ ಏನೂ ಆಗುವುದಿಲ್ಲ. ಅದು ಎದ್ದು, ಮೈ ಕೊಡವಿಕೊಂಡು, ವಾಹನದ ಹಿಂದೆಯೇ ನಡೆದು ಡಿಕ್ಕಿ ಹೊಡೆದವನ ಮನೆಗೆ ಬಂದುಬಿಡುತ್ತದೆ. ಆ ಹೊತ್ತಿನಲ್ಲಿ ತಾನು ನಿಜವಾಗಿ ಎಲ್ಲಿಗೆ ಹೊರಟಿದ್ದೆನೆಂದು ಅವನು ಇನ್ನೊಬ್ಬ ಮನುಷ್ಯನ ಎದುರಿಗೆ ಬಾಯಿಬಿಟ್ಟು ಹೇಳುವವರೆಗೂ ಅಲ್ಲೇ ಇರುತ್ತದೆ. ಹೇಳಿದ ಗಳಿಗೆಯಲ್ಲಿ ಎದ್ದು ಕಾಡಿಗೆ ಹೋಗುತ್ತದೆ. ಯಾರೂ ಇಲ್ಲದಾಗ ಅದರ ಕಿವಿಯಲ್ಲಷ್ಟೇ ಪಿಸುಗುಟ್ಟಿ ನೋಡಿದವರಿದ್ದಾರೆ. ಅವರ ಅಂಗಿಯ ಕಾಲರನ್ನು ಅದು ತಿಂದು ಮುಗಿಸಿದೆ.

ಹೀಗಾಗಿ ನಮ್ಮಲ್ಲಿ ಮನೆ ಬಾಡಿಗೆಯ ಬೋರ್ಡಿನಲ್ಲಿ ‘ನೀರಿದೆ, ಜಿಂಕೆ ಇಲ್ಲ’ ಎಂದು ಬರೆದಿರುತ್ತದೆ. ಗಂಡಿನ ಮನೆ ನೋಡಲು ಬಂದವರು ಕೈಕಾಲು ತೊಳೆಯುವ ನೆಪದಲ್ಲಿ ಮೊದಲು ಹಿತ್ತಿಲಿಗೆ ಹೋಗುತ್ತಾರೆ. ಬ್ಯಾಂಕ್ ಮ್ಯಾನೇಜರ್ ದಿವಾಕರ ಪೈಗಳದು ಇನ್ನೂ ಕಷ್ಟ. ಅವರ ಕಾರಿಗೆ ಸಿಕ್ಕಿದ್ದು ಕಡವೆ. ಅದು ಎರಡನೆಯ ಮಹಡಿಯ ಅವರ ಮನೆಗೆ ಮೆಟ್ಟಿಲು ಹತ್ತಿ ಬಂದು, ಕೊಂಬು ಬಾಗಿಲಿಗೆ ಅಡ್ಡವಾಗಿ, ಮೂರು ವರ್ಷಗಳಿಂದ ಹಜಾರದಲ್ಲೇ ಇದೆ. ಪೈಗಳು ಅದರ ಕೊಂಬಿನ ಮೇಲೆ ಟವೆಲ್ ಒಣಹಾಕುತ್ತಾರೆ. ಮನೆಗೆ ಬಂದವರು ಯಾರೂ ಜಿಂಕೆಯನ್ನು ನೋಡಿದಂತೆ ತೋರಿಸಿಕೊಳ್ಳುವುದಿಲ್ಲ. ಅದು ನಮ್ಮ ಸೌಜನ್ಯ.

ನಾನು ಈ ಊರಿನಲ್ಲಿ ಇಪ್ಪತ್ತೆಂಟು ವರ್ಷ ಮೋಟಾರು ವಾಹನ ಇನ್ಸ್‌ಪೆಕ್ಟರ್ ಆಗಿದ್ದವನು. ಹೆಸರು ಶ್ರೀಕಂಠರಾವ್, ಜನ ಕರೆಯುವುದು ಬ್ರೇಕ್ ರಾಯರು ಎಂದು. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಂಟರ ಅಂಕೆ ಬರೆಸಿ, ಅದರ ಮೇಲೆ ಸ್ಕೂಟರು ಓಡಿಸಲು ಹೇಳಿ, ಕಾಲು ನೆಲಕ್ಕೆ ತಾಗಿದವರನ್ನು ನಿರ್ದಾಕ್ಷಿಣ್ಯವಾಗಿ ಫೇಲು ಮಾಡುತ್ತಿದ್ದೆ. ಫೇಲಾದವರ ಮುಖದ ಮೇಲೆ ಸಂಜೆಯ ಬೆಳಕು ಬೀಳುವುದನ್ನು ನೋಡಿ ಮನೆಗೆ ಬಂದು ಕವಿತೆ ಬರೆಯುತ್ತಿದ್ದೆ. ಛಂದಸ್ಸು ಒಡೆದ ಕವಿತೆಗಳು. ಆ ಕಾಲವೇ ಹಾಗಿತ್ತು. ‘ಎಡಕ್ಕೆ ತಿರುವಿಲ್ಲ’ ಎಂಬ ಒಂದು ಸಂಕಲನವೂ ಬಂತು. ಇಷ್ಟೆಲ್ಲ ಆಗಿ ನಿವೃತ್ತನಾದ ಮರುವರ್ಷ, ಊರಿಗೆಲ್ಲ ನಿಧಾನ ಕಲಿಸಿದ ನಾನು, ಹಾಡಹಗಲು, ಹುಣಸೆಮರದ ತಿರುವಿನಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಒಂದು ಜಿಂಕೆಗೆ ಗುದ್ದಿದೆ. ಊರು ಆ ದಿನ ನನ್ನೆದುರು ನಗಲಿಲ್ಲ. ಬಾಗಿಲು ಹಾಕಿಕೊಂಡು ನಕ್ಕಿತೆಂದು ಆಮೇಲೆ ತಿಳಿಯಿತು.

ಅದು ನಡೆದು ಹನ್ನೊಂದು ವರ್ಷ. ಜಿಂಕೆ ನಮ್ಮ ಜಗಲಿಯ ಮೇಲಿದೆ. ನಾವು ಅದಕ್ಕೆ ಹೆಸರಿಡಲಿಲ್ಲ. ಹೆಸರಿಟ್ಟರೆ ಅದು ಇರಲಿಕ್ಕೇ ಬಂದಿದೆಯೆಂದು ಒಪ್ಪಿಕೊಂಡಂತೆ. ಹೆಂಡತಿ ಅಂಬುಜಾಕ್ಷಿ ಅದಕ್ಕೆ ತರಕಾರಿ ಸಿಪ್ಪೆ ಹಾಕುತ್ತಾಳೆ. ಉಳಿದ ಹಸಿವನ್ನು ಅದು ನನ್ನ ಹಸ್ತಪ್ರತಿಗಳಲ್ಲಿ ತೀರಿಸಿಕೊಳ್ಳುತ್ತದೆ. ಮುಕ್ತ ಛಂದದ್ದನ್ನು ಸಾಲು ಬಿಡದೆ ತಿನ್ನುತ್ತದೆ, ಪ್ರಾಸವಿದ್ದುದನ್ನು ಮೂಸಿ ಬಿಡುತ್ತದೆ. ಇಷ್ಟು ಖಚಿತವಾದ ಕಾವ್ಯಾಭಿರುಚಿಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಚಾರುಮತಿ ಎಂಬ ಹುಡುಗಿ ನಮ್ಮ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದದ್ದು ದೀಪಾವಳಿ ಕಳೆದ ವಾರದಲ್ಲಿ. ದೂರದ ಯಾವುದೋ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ; ವಿಷಯ, ಜಿಂಕೆ ಮತ್ತು ವಾಹನಗಳ ಡಿಕ್ಕಿ. ಮೊಪೆಡ್ಡಿನ ಮೇಲೆ ಒಂದು ಉದ್ದನೆಯ ಅಳತೆಪಟ್ಟಿ, ಒಂದು ಟ್ರಂಕು ಕಾಗದ, ಹಿಂದೆ ಮುಂದೆ ಹೊಳೆಯುವ ಪಟ್ಟಿ ಅಂಟಿಸಿದ ಹೆಲ್ಮೆಟ್ಟು ತಂದಿದ್ದಳು. ಬಂದ ಮರುದಿನವೇ ರಸ್ತೆಗಳ ಮೇಲೆ ಮೊಣಕಾಲೂರಿ ಟೈರಿನ ಗುರುತು ಅಳೆಯತೊಡಗಿದಳು. ಮನೆಮನೆಗೆ ಹೋಗಿ ಹೆಡ್‌ಲೈಟಿನ ಎತ್ತರ, ಜಿಂಕೆಯ ಭುಜದ ಎತ್ತರ ಬರೆದುಕೊಂಡಳು. ಗುದ್ದಿದವರು ಜಿಂಕೆಯನ್ನು ಕನಿಕರದಿಂದ ಸಾಕಿಕೊಳ್ಳುತ್ತಾರೆಂದು ಭಾವಿಸಿ ಅದಕ್ಕೆ ‘ಅಪಘಾತೋತ್ತರ ಆತಿಥ್ಯ’ ಎಂಬ ಹೆಸರಿಟ್ಟಳು. ಅವಳಿಗೆ ನಿಜ ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಅವಳ ಸ್ಥಿತಿ ಮಾತ್ರ ಸುಖದ್ದಾಗಿರಲಿಲ್ಲ. ಕೊಟ್ಟ ಅವಧಿ ಎರಡು ಸಲ ಮುಗಿದು ಎರಡು ಸಲ ವಿಸ್ತರಣೆಯಾಗಿತ್ತು. ಮೂರನೆಯದು ಮಾರ್ಚ್ ಕೊನೆಗೆ ಮುಗಿಯುತ್ತಿತ್ತು, ನಾಲ್ಕನೆಯದು ಇರಲಿಲ್ಲ. ಅಷ್ಟರೊಳಗೆ ಪ್ರಬಂಧ ಸೇರದಿದ್ದರೆ ಅವಳ ಸ್ಥಾನವನ್ನು ಅಳಿಲುಗಳ ಮೇಲೆ ಕೆಲಸ ಮಾಡಲು ಕಾದು ನಿಂತಿದ್ದ ಇನ್ನೊಬ್ಬನಿಗೆ ಕೊಡುವುದಾಗಿ ಅವಳ ಮಾರ್ಗದರ್ಶಕರು ತಿಳಿಸಿದ್ದರು. ಅವರ ಆಸಕ್ತಿಯೆಲ್ಲ ಇದ್ದದ್ದು ಪ್ರಶ್ನಾವಳಿಯ ಏಳನೆಯ ಪ್ರಶ್ನೆಯಲ್ಲಿ. ಉಳಿದ ಇಪ್ಪತ್ತಮೂರನ್ನು ಯಾರು ಬೇಕಾದರೂ ಅಳೆಯಬಹುದು, ಏಳಕ್ಕೆ ಉತ್ತರವಿಲ್ಲದ ಫಾರಂಗಳಿಗೆ ತಾವು ಸಹಿ ಹಾಕುವುದಿಲ್ಲ ಎಂದಿದ್ದರಂತೆ.

ಒಂದನೆಯ ನಂಬರಿನ ಫಾರಂ ನನ್ನದು. ಜಗಲಿಯ ಮೇಲೆ ಎದುರುಬದುರು ಕುಳಿತು ಅವಳು ಕೇಳುತ್ತಾ ಹೋದಳು. ವಾಹನದ ಬಗೆ, ಸ್ಕೂಟರು. ವಾಹನದಲ್ಲಿದ್ದವರ ಸಂಖ್ಯೆ, ಎರಡು. ಬ್ರೇಕಿನ ಸ್ಥಿತಿ, ಅತ್ಯುತ್ತಮ. ಆಮೇಲೆ ಅವಳು ಪೆನ್ನಿನ ತುದಿಯನ್ನು ಏಳರ ಮೇಲಿಟ್ಟು, ಹವಾಮಾನ ಕೇಳುವ ದನಿಯಲ್ಲಿ ಕೇಳಿದಳು: “ಸರ್, ಆ ಟೈಮಲ್ಲಿ ನೀವು ಎಲ್ಲಿಗೆ ಹೋಗ್ತಾ ಇದ್ರಿ?”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಜಿಂಕೆ ಅಗಿಯುವುದನ್ನು ನಿಲ್ಲಿಸಿ ಕಿವಿ ಎತ್ತಿತು. ಅರವತ್ತೊಂಬತ್ತು ವರ್ಷದ ಬದುಕಿನಲ್ಲಿ ಆ ಪ್ರಶ್ನೆಯನ್ನು ನನಗೆ ನೇರವಾಗಿ ಹಾಕಿದವರು ಅವಳೊಬ್ಬಳೇ. ನಾನು ಹಿಟ್ಟಿನ ಗಿರಣಿಗೆ ಎಂದೆ. ಆ ದಿನ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಗೋಧಿ ಡಬ್ಬ ಇದ್ದುದೂ ನಿಜ. ಡಿಕ್ಕಿಯಲ್ಲಿ ಅದು ಉರುಳಿ, ಜಿಂಕೆ ಎದ್ದದ್ದೇ ಮೊದಲು ಮಾಡಿದ ಕೆಲಸ ಆ ಗೋಧಿಯನ್ನು ತಿಂದದ್ದು. ಅಂಬುಜಾಕ್ಷಿ ಒಳಗಿನಿಂದಲೇ, ಹೌದು, ಗಿರಣಿಗೇ, ತನ್ನನ್ನು ಮೊದಲು ಅಕ್ಕನ ಮನೆಗೆ ಬಿಟ್ಟು, ವಾಪಸು ಬರುವಾಗ ಇವರು ಗಿರಣಿಗೆ ಹೋಗುವುದೆಂದಿತ್ತು ಎಂದು ಸಾಕ್ಷಿ ಹೇಳಿದಳು. ಚಾರುಮತಿ ‘ಗಿರಣಿ’ ಎಂದು ಬರೆದುಕೊಂಡು ಎಂಟನೆಯ ಪ್ರಶ್ನೆಗೆ ಹೋದಳು. ಜಿಂಕೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ಮತ್ತೆ ಅಗಿಯತೊಡಗಿತು.

ಬ್ರೇಕ್ ರಾಯರು ಗಿರಣಿ ಎಂದರು, ಹುಡುಗಿ ಮರುಮಾತಿಲ್ಲದೆ ಬರೆದುಕೊಂಡಳು ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಮಳೆ ಬಂದಾಗ ಜನ ಬಸ್ ಸ್ಟಾಪಿನ ಸೂರಿನ ಕೆಳಗೆ ನುಗ್ಗುವಂತೆ ಊರಿಗೆ ಊರೇ ಆ ಉತ್ತರದ ಕೆಳಗೆ ನುಗ್ಗಿತು. ದಂತವೈದ್ಯರು ಗಿರಣಿಗೆ ಹೊರಟಿದ್ದರು. ನಾಟಕದ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಗಿರಣಿಗೆ ಹೊರಟಿದ್ದರು. ಗಿರಣಿ ಇರುವುದು ಪೂರ್ವಕ್ಕೆ. ಪಶ್ಚಿಮದ ಘಟ್ಟದ ರಸ್ತೆಯಲ್ಲಿ ಗುದ್ದಿದವರು ಸುತ್ತುಬಳಸಿ ಗಿರಣಿಗೆ ಹೊರಟಿದ್ದರು. ಪೈಗಳು, ಪೊಟ್ಟಣದ ಹಿಟ್ಟನ್ನೇ ತರುವವರು, ಖಾರದ ಪುಡಿ ಮಾಡಿಸಲು ಹೊರಟಿದ್ದೆ ಎಂದು ಬರೆಸಿದರು. ಯಾವುದರ ಖಾರದ ಪುಡಿ ಎಂದು ಹುಡುಗಿ ಕೇಳಿದ್ದಕ್ಕೆ ಗಾಬರಿಯಾಗಿ, ಗೋಧಿಯದು ಎಂದರಂತೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಐವತ್ತೇಳು ಫಾರಂಗಳು ತುಂಬಿದ್ದವು, ಐವತ್ತೇಳರಲ್ಲೂ ಗಿರಣಿ ಇತ್ತು.

ಚಾರುಮತಿಗಾದ ಸಂತೋಷ ಹೇಳತೀರದು. ಮಾಳಿಗೆಯ ಗೋಡೆಗೆ ಊರಿನ ನಕ್ಷೆ ಅಂಟಿಸಿ, ಡಿಕ್ಕಿಯಾದ ಜಾಗಗಳಿಗೆ ಗುಂಡುಸೂಜಿ ಚುಚ್ಚಿ, ಪ್ರತಿ ಸೂಜಿಯಿಂದ ಗಿರಣಿಗೆ ಕೆಂಪು ದಾರ ಕಟ್ಟಿದಳು. ದಾರಗಳೆಲ್ಲ ಹೋಗಿ ಸೇರುವಲ್ಲಿ ಒಂದು ಕೆಂಪು ಗಂಟು ಕುಂಕುಮದಂತೆ ಉಬ್ಬಿತ್ತು. ನನ್ನನ್ನು ಕರೆದು ತೋರಿಸಿದಳು. ಒಂದು ಸುಳ್ಳು ಇಷ್ಟು ಸುಂದರವಾಗಿ ಕಾಣಬಲ್ಲದೆಂದು ನನಗೆ ಗೊತ್ತಿರಲಿಲ್ಲ. ನನ್ನ ಯಾವ ಕವಿತೆಯಲ್ಲೂ ಅಷ್ಟು ದಾರಗಳು ಒಂದೆಡೆ ಕೂಡಿದ್ದಿಲ್ಲ. ಮಾರ್ಗದರ್ಶಕರು ಫೋನಿನಲ್ಲಿ ಕುಣಿದರಂತೆ. ಜಗತ್ತಿನಲ್ಲೇ ಯಾರೂ ಜಿಂಕೆಗೂ ಗಿರಣಿಗೂ ಸಂಬಂಧ ಕಲ್ಪಿಸಿರಲಿಲ್ಲ, ಧಾನ್ಯದ ವಾಸನೆಯೋ ಯಂತ್ರದ ಕಂಪನವೋ ಏನೋ ಇರಬೇಕೆಂದರು. ಸುದ್ದಿ ಪುರಸಭೆಗೂ ಮುಟ್ಟಿತು. ಪುರಸಭೆಯ ಅಧ್ಯಕ್ಷರ ಫಾರಂ ಇಪ್ಪತ್ತೆರಡನೆಯದು. ಅವರು ಬೇರೆ ದಾರಿಯಿಲ್ಲದೆ ಗಿರಣಿಯ ಎರಡೂ ಬದಿಗೆ ರಸ್ತೆಯುಬ್ಬು ಹಾಕಿಸಲು ಠರಾವು ಮಾಡಿದರು.

ಉಬ್ಬು ಹಾಕಲು ಜಲ್ಲಿ ಬಂದ ದಿನ ಗಿರಣಿಯ ಯಜಮಾನ ಗುರುಸಿದ್ದಪ್ಪ ನಮ್ಮ ಮನೆಗೆ ಬಂದ. ಮಾರ್ಚ್ ಹದಿನೆಂಟನೆಯ ತಾರೀಖು. ತಲೆಯ ಮೇಲೆ ಹಿಟ್ಟಿನ ಪುಡಿ ಇಲ್ಲದ ಗುರುಸಿದ್ದಪ್ಪನನ್ನು ಗುರುತಿಸಲು ನನಗೆ ಹೊತ್ತು ಹಿಡಿಯಿತು. ಜಗಲಿಯ ಮೆಟ್ಟಿಲ ಮೇಲೆ ಕುಳಿತು, ಚಾರುಮತಿಯನ್ನು ಕೆಳಗೆ ಕರೆಸಿ, ಸಿಟ್ಟನ್ನು ನುಂಗಿಕೊಂಡು ಮಾತಾಡಿದ.

“ತಾಯಿ, ನನ್ನ ಗಿರಣಿಗೆ ಐವತ್ತೇಳು ಜನ ಓಡ್ಕೊಂಡು ಬರ್ತಿದ್ರು ಅಂತ ಬರೆದಿದ್ದೀರಂತೆ. ಗಿರಣಿ ಬೆಲ್ಟು ಹರಿದು ನಾಲ್ಕು ವರ್ಷ ಆಯ್ತು. ಒಂದು ಹಿಡಿ ರಾಗಿ ಬೀಸಿಲ್ಲ. ಬೀಸಿಸೋಕೆ ಒಬ್ರೂ ಬರ್ಲಿಲ್ಲ, ಅದಕ್ಕೇ ಬೆಲ್ಟೂ ಹಾಕಿಸ್ಲಿಲ್ಲ.”

ಚಾರುಮತಿ ತಾನೇ ಗಿರಣಿಯನ್ನು ನೋಡಿ ಬಂದಿದ್ದೇನೆ, ಬಾಗಿಲಲ್ಲಿ ‘ಇಂದು ರಜೆ’ ಎಂಬ ಬೋರ್ಡಿತ್ತು ಎಂದಳು. ಗುರುಸಿದ್ದಪ್ಪ, ಅದೇ ಬೋರ್ಡು, ನಾಲ್ಕು ವರ್ಷದಿಂದ ಅದೇ ‘ಇಂದು’ ಎಂದ. ಅವಳು ಮಾಳಿಗೆಗೆ ಓಡಿಹೋಗಿ ಫಾರಂಗಳ ಕಟ್ಟು ತಂದು ತಾರೀಖುಗಳನ್ನು ನೋಡತೊಡಗಿದಳು. ನಲವತ್ತೊಂದು ಡಿಕ್ಕಿಗಳು ಆ ನಾಲ್ಕು ವರ್ಷದೊಳಗಿನವು. ನಲವತ್ತೊಂದನ್ನೂ ಬೇರೆಯಾಗಿ ಎತ್ತಿಟ್ಟಳು. ಯಾಕೆ ಎಲ್ಲರೂ ಹೀಗೆ ಹೇಳಿದರು ಎಂದು ನನ್ನನ್ನು ಕೇಳಿದಳು. ನಾನು ರಸ್ತೆ ನೋಡಿದೆ. ಗುರುಸಿದ್ದಪ್ಪನೇ ಹೇಳಿದ. ಜಿಂಕೆಗಳು ಯಾಕೆ ಬಂದು ಕೂರುತ್ತವೆ, ಯಾವಾಗ ಎದ್ದು ಹೋಗುತ್ತವೆ ಎಂಬುದನ್ನು ಬಿಡಿಸಿ ಬಿಡಿಸಿ ಹೇಳಿದ. ತಾನು ಹದಿನೈದು ವರ್ಷದ ಹಿಂದೆ ಲೂನಾದಲ್ಲಿ ಒಂದಕ್ಕೆ ಗುದ್ದಿ, ಅಲ್ಲೇ ನಿಂತಿದ್ದ ಎಮ್ಮೆ ಕಾಯುವವನ ಮುಂದೆ, ಇಸ್ಪೀಟಾಡೋಕೆ ಹೋಗ್ತಿದ್ದೆ ಕಣಪ್ಪ ಎಂದುಬಿಟ್ಟನಂತೆ. ಅದು ರಸ್ತೆಯಿಂದಲೇ ವಾಪಸು ಹೋಯಿತಂತೆ. ಎದ್ದು ಹೊರಡುವಾಗ ನಮ್ಮ ಜಗಲಿಯ ಮೂಲೆಯತ್ತ ಗದ್ದದಿಂದ ತೋರಿಸಿ, “ಯಾರೂ ಗಿರಣಿಗೆ ಹೊರಟಿರ್ಲಿಲ್ಲ ಅನ್ನೋದಕ್ಕೆ ಸಾಕ್ಷಿ ಅವರವರ ಮನೇಲೇ ಮೇವು ತಿನ್ತಾ ಇದೆ,” ಎಂದ. ಮೊದಲ ಬಾರಿಗೆ ನಮ್ಮ ಮನೆಗೆ ಬಂದ ಊರಿನವರೊಬ್ಬರು ಜಿಂಕೆಯನ್ನು ನೇರವಾಗಿ ನೋಡಿದ್ದರು.

ಚಾರುಮತಿ ಅಳಲಿಲ್ಲ. ಮೇಲೆ ಹೋಗಿ ಐವತ್ತೇಳು ದಾರಗಳನ್ನೂ ಒಂದೊಂದಾಗಿ ಬಿಚ್ಚಿ ಉಂಡೆ ಸುತ್ತಿದಳು. ಆಮೇಲೆ ಟ್ರಂಕು ಎಳೆಯುವ ಸದ್ದು ಕೇಳಿಸಿತು. ಮಾರನೆಯ ಬೆಳಿಗ್ಗೆ ಬಾಡಿಗೆ ಕೋಣೆಯ ಬೀಗದ ಕೈ ಕೊಡಲು ಕೆಳಗೆ ಬಂದಳು. ಅಳಿಲಿನ ಹುಡುಗ ಒಳ್ಳೆಯವನೇ, ಅವನಾದರೂ ಪ್ರಶ್ನೆ ಕೇಳುವುದು ಅಳಿಲುಗಳಿಗೆ ಎಂದಳು. ಅವಳ ದನಿಯಲ್ಲಿ ಕಹಿ ಇರಲಿಲ್ಲ. ಕಹಿ ಇದ್ದಿದ್ದರೆ ನಾನು ಬಹುಶಃ ಕೈ ಚಾಚಿ ಬೀಗದ ಕೈ ತೆಗೆದುಕೊಂಡುಬಿಡುತ್ತಿದ್ದೆ. ಇಪ್ಪತ್ತೆಂಟು ವರ್ಷಗಳಲ್ಲಿ ಫೇಲು ಮಾಡಿದ ಯಾವ ಮುಖಕ್ಕೂ ನಾನು ಹೆದರಿದವನಲ್ಲ. ಅವರೆಲ್ಲ ಕಾಲೂರಿದವರು. ಈ ಹುಡುಗಿ ಎಲ್ಲೂ ಕಾಲೂರಿರಲಿಲ್ಲ. ಸುಣ್ಣದ ಗೆರೆಯನ್ನೇ ನಾನು ತಪ್ಪು ಬರೆಸಿದ್ದೆ.

ಅಂಬುಜಾಕ್ಷಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಜಿಂಕೆ ಅವಳ ಪಕ್ಕದಲ್ಲಿ ಸಿಪ್ಪೆಗಾಗಿ ಕಾಯುತ್ತಿತ್ತು.

“ಒಂದನೇ ನಂಬರ್ ಫಾರಂ ತೆಗಿಯಮ್ಮ,” ಎಂದೆ. “ಏಳನೇದು ಹೊಡೆದು ಹಾಕು. ನಾನು ಗಿರಣಿಗೆ ಹೋಗ್ತಿರ್ಲಿಲ್ಲ.”

ಪಕ್ಕದ ಊರಿನಲ್ಲಿ ಒಂದು ಗ್ರಂಥಾಲಯವಿದೆ. ಅಲ್ಲಿ ಕಾವ್ಯದ ಕಪಾಟಿನ ಕೆಳಗಿನ ಸಾಲಿನಲ್ಲಿ ‘ಎಡಕ್ಕೆ ತಿರುವಿಲ್ಲ’ದ ಒಂದು ಪ್ರತಿ ಇತ್ತು. ಒಂದು ವರ್ಷದೊಳಗೆ ಯಾರೂ ಒಯ್ಯದ ಪುಸ್ತಕಕ್ಕೆ ದಾರ ಕಟ್ಟಿ ಹಿಂದಿನ ಕೋಣೆಗೆ ಹಾಕುವುದು ಅಲ್ಲಿನ ಪದ್ಧತಿ. ಆ ಕೋಣೆಯಿಂದ ಮರಳಿದ ಪುಸ್ತಕ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ಗಡುವಿಗೆ ಒಂದೆರಡು ದಿನ ಇರುವಾಗ, ನಾನು ಹೋಗಿ ನನ್ನ ಪುಸ್ತಕವನ್ನು ಎರವಲು ಪಡೆಯುತ್ತಿದ್ದೆ. ಕವಿಯೇ ಬಂದು ಒಯ್ದನೆಂದಾಗಬಾರದಲ್ಲ; ಎಸ್. ಕೆ. ಮೂರ್ತಿ ಎಂಬ ಹೆಸರಿನಲ್ಲಿ ಸದಸ್ಯನಾಗಿದ್ದೆ, ತಲೆಗೆ ಮಫ್ಲರು ಸುತ್ತಿಕೊಂಡಿರುತ್ತಿದ್ದೆ, ಎರಡು ವಾರ ಬಿಟ್ಟು ಹಿಂದಿರುಗಿಸುವಾಗ ‘ಪರವಾಗಿಲ್ಲ, ಚೆನ್ನಾಗಿ ಬರೀತಾರೆ’ ಎನ್ನುತ್ತಿದ್ದೆ. ಹನ್ನೊಂದು ವರ್ಷದ ಹಿಂದಿನ ಆ ದಿನ ಗಡುವಿನ ಕೊನೆಯ ದಿನ. ಮನೆಯಲ್ಲಿ ಗೋಧಿ ಡಬ್ಬ ಹಿಡಿದು ಗಿರಣಿಗೆಂದು ಹೇಳಿ ಹೊರಟೆ. ಐದಕ್ಕೆ ಬಾಗಿಲು ಹಾಕುತ್ತಾರೆ. ಹುಣಸೆಮರದ ತಿರುವಿನಲ್ಲಿ ನಾಲ್ಕೂಕಾಲು. ಅದೆಲ್ಲವನ್ನೂ, ಮಫ್ಲರಿನ ಬಣ್ಣವನ್ನೂ ಬಿಡದೆ, ಹೆಂಡತಿಯ ಎದುರಿಗೆ ಹೇಳಿದೆ. ಜಿಂಕೆ ಬಂದ ಮೇಲೆ ಆ ಕಡೆ ಹೋಗುವ ಧೈರ್ಯ ಬರಲಿಲ್ಲ ಎಂದೂ ಹೇಳಿದೆ.

ಅಂಬುಜಾಕ್ಷಿ ಕೈಯಲ್ಲಿದ್ದ ಅವರೆಕಾಯಿಯನ್ನು ಹಾಗೇ ಹಿಡಿದಿದ್ದಳು. “ಅಂದ್ರೆ ಆ ಮೂರ್ತಿ ನೀವೇನಾ? ನಿಮ್ಮ ಕೋಟಿನ ಜೇಬಲ್ಲಿ ಆ ಕಾರ್ಡು ಸಿಕ್ಕಿದಾಗ, ಪಾಪ ಯಾರದನ್ನೋ ಕದ್ಕೊಂಡು ಬಂದಿದ್ದಾರೆ, ಕೇಳಿದ್ರೆ ನೊಂದ್ಕೋತಾರೆ ಅಂತ ಸುಮ್ನಿದ್ದೆ.”

ಅಷ್ಟರಲ್ಲಿ ಜಿಂಕೆ ಎದ್ದಿತು. ಹನ್ನೊಂದು ವರ್ಷ ಕುಳಿತಿದ್ದ ಜಾಗದಲ್ಲಿ ನೆಲ ನುಣುಪಾಗಿ ಹೊಳೆಯುತ್ತಿತ್ತು. ಮೂರು ಮೆಟ್ಟಿಲು ಇಳಿಯಿತು, ಅಂಗಳ ದಾಟಿತು. ಗೇಟಿನಲ್ಲಿ ಮುಂಗಾಲೆರಡನ್ನು ಬೀದಿಯಲ್ಲಿಟ್ಟು, ಹಿಂಗಾಲೆರಡನ್ನು ಅಂಗಳದಲ್ಲೇ ಉಳಿಸಿಕೊಂಡು ನಿಂತುಬಿಟ್ಟಿತು. ಚಾರುಮತಿ ಗಡಿಯಾರ ನೋಡಿದಳು. ಎರಡು ನಿಮಿಷ, ನಾಲ್ಕು, ಏಳು. ಹಾದುಹೋಗುವವರು ಸೌಜನ್ಯದಿಂದ ಜಿಂಕೆಯ ಆಚೆ ಬದಿಯಲ್ಲಿ ಏನನ್ನೋ ನೋಡುತ್ತಾ ಹೋದರು. ನನಗೆ ಅವಮಾನವಾಯಿತು. ಇದ್ದುದನ್ನೆಲ್ಲ ಹೇಳಿದ ಮೇಲೂ ಇದು ಒಪ್ಪುವುದಿಲ್ಲವೆಂದರೆ ಇನ್ನೇನು ಹೇಳಲಿ? ಮಫ್ಲರು ಎರವಲಿನದು ಎಂಬುದನ್ನೂ ಹೇಳಿದೆ. ಜಿಂಕೆ ಕಿವಿಯಾಡಿಸಲಿಲ್ಲ.

“ಅರ್ಧ ಹೋಗಿದೆ ಸರ್,” ಎಂದಳು ಚಾರುಮತಿ. “ಅರ್ಧ ಅಂತ ಬರೆಯೋಕೆ ಕಾಲಂ ಇಲ್ಲ.”

ಹಾಗೆಂದು ಅವಳು ಫಾರಮ್ಮನ್ನು ಮೊದಲಿನಿಂದ ಓದುತ್ತಾ ಬಂದಳು. ವಾಹನದ ಬಗೆ. ವಾಹನದಲ್ಲಿದ್ದವರ ಸಂಖ್ಯೆ. ಅಲ್ಲಿ ಅವಳ ಬೆರಳು ನಿಂತಿತು. ಅವಳು ಏನನ್ನೂ ಕೇಳಲಿಲ್ಲ. ನಮ್ಮ ಊರಿನ ರೀತಿ ಅಷ್ಟರಲ್ಲಿ ಅವಳಿಗೆ ಬಂದಿತ್ತು. ತಲೆಯೆತ್ತಿ ಅಂಬುಜಾಕ್ಷಿಯನ್ನು ನೋಡಿದಳು ಅಷ್ಟೆ.

“ನನ್ನನ್ಯಾಕೆ ನೋಡ್ತೀಯ? ನಾನು ಅಕ್ಕನ ಮನೆಗೆ ಹೋಗ್ತಿದ್ದೆ,” ಎಂದಳು ನನ್ನ ಹೆಂಡತಿ.

ಗೇಟಿನಲ್ಲಿದ್ದ ಜಿಂಕೆ ಒಂದು ಹೆಜ್ಜೆ ಹಿಂದಕ್ಕೆ, ಅಂಗಳಕ್ಕೆ ಬಂತು.

ಅಂಬುಜಾಕ್ಷಿ ಮೊರವನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ನನ್ನ ಕಡೆ ತಿರುಗಲಿಲ್ಲ, ಜಿಂಕೆಗೇ ಹೇಳುವವಳಂತೆ ಹೇಳಿದಳು. “ಸರಿ. ಅಕ್ಕನ ಮನೆ ಮುಂದೆ ಇಳೀತಿದ್ದೆ. ಇವರ ಸ್ಕೂಟರು ಮರೆ ಆಗೋವರೆಗೂ ನಿಂತಿರ್ತಿದ್ದೆ. ಆಮೇಲೆ ಹಿಂದಿನ ಬೀದಿ ಡ್ರೈವಿಂಗ್ ಸ್ಕೂಲಿಗೆ. ಸ್ಕೂಟರ್ ಕಲಿಯೋಕೆ.”

ಮದುವೆಯಾದ ಎರಡನೆಯ ವರ್ಷ ಅವಳು ಲೈಸೆನ್ಸಿಗೆಂದು ಮೈದಾನಕ್ಕೆ ಬಂದಿದ್ದಳು. ಎಂಟು ಹಾಕುವಾಗ ಎರಡನೆಯ ಸುತ್ತಿನಲ್ಲಿ ಎಡಗಾಲು ನೆಲಕ್ಕೆ ತಾಗಿತು. ಮೂವತ್ತು ಜನ ನೋಡುತ್ತಿದ್ದರು. ಇನ್ಸ್‌ಪೆಕ್ಟರ ಹೆಂಡತಿಯೆಂದು ಬಿಟ್ಟರೆ ನಾಳೆ ಯಾರನ್ನು ಹಿಡಿಯುವುದು? ಜೋರಾಗಿ ‘ಫೇಲ್’ ಎಂದಿದ್ದೆ. ನನ್ನ ಪ್ರಾಮಾಣಿಕತೆಯ ಉದಾಹರಣೆಯಾಗಿ ನಿವೃತ್ತಿಯ ಸಮಾರಂಭದಲ್ಲೂ ಅದನ್ನು ಭಾಷಣಕಾರರು ಎತ್ತಿ ಆಡಿದ್ದರು. ಅವಳು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದಳು. ಅದೆಲ್ಲ ಮುಗಿದುಹೋದ ಸಂಗತಿ ಎಂದು ನಾನು ತಿಳಿದಿದ್ದೆ.

ಈಗ ಅವಳು ಒಳಗೆ ಹೋಗಿ ಗೋಧಿ ಡಬ್ಬವನ್ನು ಎತ್ತಿಕೊಂಡು ಬಂದಳು. ಅದೇ ಡಬ್ಬ, ಜಿಂಕೆಗೆ ಬಡಿದ ಕಡೆ ಇನ್ನೂ ನೆಗ್ಗಿದೆ. ಮೊಣಕೈವರೆಗೆ ಗೋಧಿಯೊಳಗೆ ಕೈ ಇಳಿಸಿ, ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಲೈಸೆನ್ಸ್ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಜಿಂಕೆ ಬಂದ ಮೇಲೂ ಅವಳು ಕಲಿಯುವುದು ನಿಲ್ಲಿಸಿರಲಿಲ್ಲ. ನಾನು ಒಮ್ಮೆಯೂ ಗಿರಣಿಗೆ ಹೋಗದ ಕಾರಣ ಆ ಡಬ್ಬದ ತಳವನ್ನು ಕಂಡಿರಲಿಲ್ಲ. ಅಭ್ಯಾಸಬಲದಿಂದ ಲೈಸೆನ್ಸನ್ನು ಬೆಳಕಿಗೆ ಹಿಡಿದು ಸಹಿ, ಮೊಹರು, ಅವಧಿ ನೋಡಿದೆ. ಎಲ್ಲ ಸರಿಯಾಗಿತ್ತು. ಪಕ್ಕದ ಊರಿನ ಇನ್ಸ್‌ಪೆಕ್ಟರ ಸಹಿ. ನನಗಿಂತ ಕಟ್ಟುನಿಟ್ಟಿನ ಮನುಷ್ಯ.

“ಎಂಟು?” ಎಂದೆ.

“ಎರಡು ಸಲ ಹಾಕಿಸಿದ್ರು. ಕಾಲು ಊರ್ಲಿಲ್ಲ,” ಎಂದಳು.

ನಾವು ಗೇಟಿನ ಕಡೆ ನೋಡುವ ಹೊತ್ತಿಗೆ ಅಲ್ಲಿ ಏನೂ ಇರಲಿಲ್ಲ. ಚಾರುಮತಿ ಬೀದಿಗೆ ಓಡಿ ನಿಂತು ಬಹಳ ಹೊತ್ತು ಬರೆದುಕೊಂಡಳು. ಬೀಗದ ಕೈಯನ್ನು ತನ್ನ ಜೇಬಿಗೇ ಹಾಕಿಕೊಂಡು ಒಳಗೆ ಬಂದಳು.

ಬ್ರೇಕ್ ರಾಯರ ಜಗಲಿ ಖಾಲಿಯಾಗಿದೆ ಎಂಬ ಸುದ್ದಿಗೆ ಹರಡಲು ಮಧ್ಯಾಹ್ನವೂ ಬೇಕಾಗಲಿಲ್ಲ. ಸಂಜೆ ನಾಲ್ಕಕ್ಕೆ ದಂತವೈದ್ಯರು ಬಂದರು. ಮೇಲಿನ ಹುಡುಗಿಯ ಹಲ್ಲು ನೋಡಬೇಕಿತ್ತು ಎಂದರು. ಅವರು ಮಾಳಿಗೆಯಲ್ಲಿ ಕಾಲು ಗಂಟೆ ಇದ್ದು ಇಳಿದು ಹೋದ ಸ್ವಲ್ಪ ಹೊತ್ತಿಗೆ ಅವರ ಜಿಂಕೆ ನಮ್ಮ ಬೀದಿಯಲ್ಲೇ ಕಾಡಿನ ಕಡೆ ನಡೆದು ಹೋಯಿತು. ಆಮೇಲೆ ಸಾಲು ಹಿಡಿಯಿತು. ಮನೆಯವರಿಗೆ, ನೆರೆಯವರಿಗೆ, ನಾಳೆ ಮುಖ ನೋಡಬೇಕಾದವರಿಗೆ ಹೇಳಲಾರದ್ದನ್ನು ಹತ್ತು ದಿನದಲ್ಲಿ ಊರು ಬಿಡುವ ಒಂದು ಹುಡುಗಿಗೆ ಹೇಳಬಹುದು. ಅವಳು ಕೇಳಿ, ಬರೆದು, ಟ್ರಂಕಿಗೆ ಹಾಕಿ ಬೀಗ ಹಾಕುತ್ತಿದ್ದಳು. ಹಾರ್ಮೋನಿಯಂ ಮೇಷ್ಟ್ರು ಇಳಿದು ಬರುವಾಗ ಮೆಟ್ಟಿಲ ಮೇಲೆ ಗುನುಗುತ್ತಿದ್ದರು. ಪುರಸಭೆಯ ಅಧ್ಯಕ್ಷರು ಮಾತ್ರ ಸಾಲಿನಲ್ಲಿ ನಿಲ್ಲಲು ಒಪ್ಪದೆ ಹಿತ್ತಿಲಿನಿಂದ ಏಣಿ ಹಾಕಿಸಿಕೊಂಡು ಹತ್ತಿದರು. ಪೈಗಳು ಎರಡು ಸಲ ಹೋಗಿ ಎರಡು ಸಲವೂ ಬೇರೆ ಬೇರೆ ಸುಳ್ಳು ಹೇಳಿ ಬಂದರು. ಕಡವೆ ಈಗಲೂ ಅಲ್ಲೇ ಇದೆ. ಅದು ಹೋದರೆ ಟವೆಲ್ ಎಲ್ಲಿ ಹಾಕಲಿ ಎಂದು ಅವರು ನನ್ನನ್ನು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದು.

ಮಾರ್ಚ್ ಮೂವತ್ತೊಂದರಂದು ಪ್ರಬಂಧ ಸೇರಿತು. ಮೇ ತಿಂಗಳಲ್ಲಿ ಚಾರುಮತಿಯ ಪತ್ರ ಬಂತು. ಜಿಂಕೆಗಳ ನಿರ್ಗಮನದ ಅಧ್ಯಾಯದಲ್ಲಿ ಏಳನೆಯ ಉತ್ತರಗಳನ್ನು ಅವಳು ‘ಖಾಸಗಿ’ ಎಂದಷ್ಟೇ ಬರೆದಿದ್ದಳಂತೆ. ಉತ್ತರ ಕೊಡು, ಇಲ್ಲವೇ ಅಧ್ಯಾಯ ತೆಗೆ ಎಂದು ಮಾರ್ಗದರ್ಶಕರು ಪಟ್ಟು ಹಿಡಿದರಂತೆ. ಅವಳು ಅಧ್ಯಾಯ ತೆಗೆದಳು. ಕೊನೆಗೆ ಪದವಿ ಸಿಕ್ಕಿದ್ದು ಹೆಡ್‌ಲೈಟಿನ ಎತ್ತರಕ್ಕೆ. ಅಷ್ಟು ನಿಖರವಾಗಿ ಯಾರೂ ಅಳೆದಿರಲಿಲ್ಲವೆಂದು ಪರೀಕ್ಷಕರು ಮೆಚ್ಚಿಕೊಂಡರಂತೆ. ತೆಗೆದ ಹಾಳೆಗಳನ್ನು ಏನು ಮಾಡಿದೆಯೆಂದು ನಾನು ಬರೆದು ಕೇಳಲಿಲ್ಲ. ಇತ್ತ ಗುರುಸಿದ್ದಪ್ಪನ ಗಿರಣಿಗೆ ಹೊಸ ಬೆಲ್ಟು ಬಂದಿದೆ. ಐವತ್ತೇಳು ಮನೆಯವರು, ಬಹುಶಃ ನಾಚಿಕೆಯಿಂದ, ಡಬ್ಬ ಹಿಡಿದು ಸಾಲಾಗಿ ನಿಲ್ಲುತ್ತಾರೆ. ರಸ್ತೆಯುಬ್ಬುಗಳು ಉಪಯೋಗಕ್ಕೆ ಬಂದಿವೆ.

ಖಾಲಿ ಜಗಲಿಗೆ ಹೊಂದಿಕೊಳ್ಳುವುದು ನನಗೆ ಕಷ್ಟವಾಯಿತು. ಬರೆದ ಕವಿತೆಗಳು ತಿನ್ನುವವರಿಲ್ಲದೆ ಮೇಜಿನ ಮೇಲೆ ಉಳಿಯತೊಡಗಿದವು. ಉಳಿದದ್ದನ್ನು ಮರುದಿನ ಓದಬೇಕಾಗಿ ಬಂತು. ಅಂಬುಜಾಕ್ಷಿ ಸಿಪ್ಪೆಯನ್ನು ಮೂಲೆಗೆ ಒಯ್ದು, ನೆನಪಾಗಿ, ಹಿಂದಕ್ಕೆ ತರುತ್ತಿದ್ದಳು. ಜೂನ್ ಮೊದಲ ವಾರದ ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಮೊಳೆಯ ಮೇಲಿದ್ದ ಸ್ಕೂಟರಿನ ಕೀ ತೆಗೆದುಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಅಂಗಳಕ್ಕಿಳಿದಳು. ನಾನು ಗೇಟಿನ ತನಕ ಹಿಂದೆ ಹೋಗಿ, ರೂಢಿಯಂತೆ ದೂರಾನಾ ಎಂದೆ. ಅವಳು ಇಲ್ಲೇ ಎನ್ನಲಿಲ್ಲ. ಹಿಂದಿನ ಸೀಟನ್ನು ಒರೆಸಿ, ‘ಹತ್ತಿ’ ಎಂದಳು.

ಹತ್ತಿದೆ. ಕ್ಲಚ್ಚು ಬಿಡುವಾಗ ಸ್ಕೂಟರು ಜಗ್ಗಲಿಲ್ಲ. ಪ್ರತಿ ತಿರುವಿಗೂ ಕೈ ತೋರಿಸಿದಳು. ಉಬ್ಬುಗಳ ಮೇಲೆ ಮಗುವನ್ನು ಎತ್ತಿ ಇಳಿಸಿದಂತೆ ಇಳಿಸಿದಳು. ಅವಳ ಭುಜದ ಮೇಲಿಂದ ರಸ್ತೆಯನ್ನು ನೋಡುತ್ತಾ ನಾನು ಒಂದು ತಪ್ಪಿಗಾಗಿ ಹುಡುಕುತ್ತಿದ್ದೆ. ಗಿರಣಿ ದಾಟುವ ಹೊತ್ತಿಗೆ ಹುಡುಕುವುದನ್ನು ಬಿಟ್ಟೆ. ಅಕ್ಕನ ಮನೆಯ ದಾರಿ ಇನ್ನೂ ಮುಂದಿತ್ತು. ಹುಣಸೆಮರದ ತಿರುವು ಬಂತು.

ರಸ್ತೆಯ ನಡುವೆ ಒಂದು ಜಿಂಕೆ ನಿಂತಿತ್ತು. ಅಂಬುಜಾಕ್ಷಿ ಎರಡೂ ಬ್ರೇಕನ್ನು ಒಟ್ಟಿಗೆ, ಹದವಾಗಿ, ನಾನು ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದ ಹಾಗೆ ಹಿಡಿದಳು. ಸ್ಕೂಟರು ಅದರ ಮೂತಿಗೆ ಒಂದು ಮಾರು ದೂರದಲ್ಲಿ ನಿಂತಿತು. ಅದು ಅಲುಗಾಡಲಿಲ್ಲ. ನಮ್ಮದೇ ಇರಬಹುದೇ ಎಂದು ನೋಡಿದೆ, ಹೇಳಲಾಗಲಿಲ್ಲ. ಬಾಯಿ ಮಾತ್ರ ಏನನ್ನೋ ಅಗಿಯುತ್ತಿತ್ತು.

ನನ್ನ ಹೆಂಡತಿ ಎರಡೂ ಕಾಲನ್ನು ನೆಲಕ್ಕೆ ಊರಿದಳು. “ಲೈಬ್ರರಿಗೆ,” ಎಂದಳು ಅದಕ್ಕೆ. “ಇವರ ಪುಸ್ತಕ ಹಿಂದಿನ ಕೋಣೇಲಾದ್ರೂ ಇದೆಯಾ ನೋಡ್ಕೊಂಡು ಬರೋಣ ಅಂತ. ಇದ್ರೆ ನನ್ನ ಹೆಸರಲ್ಲೇ ತರ್ತೀನಿ.”

ಜಿಂಕೆ ಅವಳನ್ನು ನೋಡಿತು, ಆಮೇಲೆ ನನ್ನನ್ನು. ನಾನೂ ಏನಾದರೂ ಹೇಳಬೇಕೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು.

“ನಾನೂ ಅಲ್ಲಿಗೇ,” ಎಂದೆ.

ಅದು ಒಂದು ಹೆಜ್ಜೆ ಹಿಂದೆ ಸರಿದು ನಮಗೆ ದಾರಿ ಬಿಟ್ಟಿತು.